ಮಂಗಳವಾರದ ನೀರು

ವಾರ್ಡಿನ ಸದಸ್ಯೆ ಬಂದು ಬಾಗಿಲಲ್ಲಿ ನಿಂತಾಗ ಟೈಲರಮ್ಮ ಅವಳನ್ನು ಒಳಗೆ ಕರೆಯಲಿಲ್ಲ. ಆಸ್ಪತ್ರೆಗೆ ಒಯ್ಯಬೇಕಿದ್ದ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಲೇ ಇದ್ದಳು. ಏಳು ತಿಂಗಳ ಬಸುರಿ ಮಗಳು ಗಂಟಲು ಸುಟ್ಟುಕೊಂಡು ಮೂರು ದಿನದಿಂದ ಅಲ್ಲಿ ಮಲಗಿದ್ದಳು. ಹೊಟ್ಟೆಯೊಳಗಿನ ಮಗುವಿನ ಮಾತೆತ್ತಿದರೆ ಡಾಕ್ಟರು "ನೋಡೋಣ" ಅನ್ನುತ್ತಿದ್ದರು. ಆ ಒಂದು ಮಾತು ಟೈಲರಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತ್ತು.

"ನಿಮ್ಮ ಮುಖ ನೋಡೋಕೆ ನನಗೆ ಧೈರ್ಯ ಇಲ್ಲ," ಎಂದಳು ಸದಸ್ಯೆ. "ನಿಮ್ಮ ಅತ್ತಿಗೇನ ನೋಡ್ಬೇಕಿತ್ತು."

ಅತ್ತಿಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಇದ್ದರು. ಅಣ್ಣ ತೀರಿಕೊಂಡ ಮೇಲೆ ನಾದಿನಿಯ ಮನೆಗೆ ಬಂದು ನೆಲೆಸಿದವರು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು ಅವರದು. ಬೀದಿಯಲ್ಲಿ ಯಾರ ಮನೆಯ ಪಾರ್ಸೆಲ್ ಕಳೆದರೂ, ಯಾರಿಗೆ ಬೆದರಿಕೆಯ ಚೀಟಿ ಬಂದರೂ ಜನ ಠಾಣೆಗಿಂತ ಮೊದಲು ಅವರ ಹತ್ತಿರ ಬರುತ್ತಿದ್ದರು. ಎಲ್ಲರಿಗೂ ಅವರು ಕನ್ನಡಕದಮ್ಮ.

"ಕೂತ್ಕೊಳ್ಳಮ್ಮ. ಮೊದಲಿಂದ ಹೇಳು," ಎಂದರು.

ಹೇಳುವಂಥದ್ದು ಬೀದಿಗೆಲ್ಲ ಗೊತ್ತಿದ್ದದ್ದೇ. ಸದಸ್ಯೆ ತಿಂಗಳಿಗೊಂದು ಕರಪತ್ರ ಅಚ್ಚು ಹಾಕಿಸಿ ಮನೆಮನೆಗೆ ಹಂಚಿಸುತ್ತಿದ್ದಳು. ಯಾವ ಬೀದಿಗೆ ದೀಪ ಬರುತ್ತದೆ, ಯಾವ ಚರಂಡಿ ಯಾವತ್ತು ಅಗೆಯುತ್ತಾರೆ, ಎಲ್ಲ ಅದರಲ್ಲಿರುತ್ತಿತ್ತು. ಆರು ವರ್ಷದಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಈ ಸಲ ಅದರಲ್ಲಿ ಹೀಗಿತ್ತು: 'ಬುಧವಾರ, 17ನೇ ತಾರೀಖು ನೀರಿನ ತೊಟ್ಟಿಯನ್ನು ಔಷಧಿ ಹಾಕಿ ತೊಳೆಯಲಾಗುವುದು. ಆ ದಿನ ನಲ್ಲಿ ನೀರು ಕುಡಿಯಬೇಡಿ. ಮಂಗಳವಾರವೇ ನೀರು ಹಿಡಿದಿಟ್ಟುಕೊಳ್ಳಿ.'

ತೊಟ್ಟಿ ತೊಳೆದದ್ದು ಮಂಗಳವಾರ. ಕರಪತ್ರವನ್ನು ಮೂಲೆಗೆಸೆದವರು ಬುಧವಾರ ಬಂದ ಹೊಸ ನೀರು ಕುಡಿದು ಪಾರಾದರು. ಅದನ್ನು ನಂಬಿದವರು ಮಂಗಳವಾರ ಸಂಜೆ ಕೊಡಗಟ್ಟಲೆ ಔಷಧಿ ನೀರು ಹಿಡಿದಿಟ್ಟು ಮಾರನೆಯ ದಿನವೆಲ್ಲ ಕುಡಿದರು. ಹತ್ತೊಂಬತ್ತು ಜನ ಆಸ್ಪತ್ರೆ ಸೇರಿದರು. ಮಗಳ ಮನೆಗೆ ಕೊಡ ಹೊತ್ತುಕೊಂಡು ಹೋದದ್ದು ಟೈಲರಮ್ಮನೇ. "ನಾಳೆ ನಲ್ಲಿ ನೀರು ಮುಟ್ಬೇಡ, ಇದನ್ನೇ ಕುಡಿ," ಎಂದು ಎರಡೆರಡು ಸಲ ಹೇಳಿ ಬಂದಿದ್ದಳು.

"ಇಂಜಿನಿಯರ್ ಕಳಿಸಿದ ಪತ್ರ ನೋಡೇ ನಾನು ಬರೆದದ್ದು," ಎಂದಳು ಸದಸ್ಯೆ. "ಬುಧವಾರ ಅಂತ ಓದಿದ ನೆನಪು ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ನಿನ್ನೆ ಫೈಲ್ ತೆಗೆದು ನೋಡಿದ್ರೆ ಅದರಲ್ಲಿ ಮಂಗಳವಾರ ಅಂತಲೇ ಇದೆ. ನನಗೆ ತಲೆ ಕೆಟ್ಟಿದೆಯಾ? ಐದು ಗಂಟೆಗೆ ಸಭೆ. ರಾಜೀನಾಮೆ ಬರೆದಿಟ್ಟಿದ್ದೀನಿ."

"ಬರೆದಿಟ್ಟ ಮೇಲೆ ನನ್ನ ಹತ್ರ ಯಾಕೆ ಬಂದೆ?"

"ತಪ್ಪು ನಂದಾದ್ರೆ ಒಪ್ಕೋತೀನಿ. ನಂದು ಹೌದೋ ಅಲ್ವೋ ಅಂತ ನನಗೇ ಗೊತ್ತಿಲ್ವಲ್ಲ!"

ಅತ್ತಿಗೆ ಚಪ್ಪಲಿ ಮೆಟ್ಟಿದರು. ಟೈಲರಮ್ಮನಿಗೆ ಹೋಗುವ ಮನಸ್ಸಿರಲಿಲ್ಲ. "ಆಸ್ಪತ್ರೆಗೆ ಆ ದಾರೀಲೇ ಹೋಗೋಣ, ಬಾ," ಎಂದರು ಅತ್ತಿಗೆ.

ವಾರ್ಡ್ ಕಚೇರಿ ಎಂದರೆ ಎರಡು ಕೋಣೆ, ಒಂದು ಕಬ್ಬಿಣದ ಬೀರು. ಇಪ್ಪತ್ತು ವರ್ಷದಿಂದ ಅಲ್ಲಿದ್ದ ಗುಮಾಸ್ತ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಎದ್ದು ನಿಂತ. ಅವನ ಮೇಜಿನ ಒಂದು ಕಾಲಿಗೆ ಹಗ್ಗ ಸುತ್ತಿತ್ತು.

"ಬುಧವಾರ ಸಂಜೆ ಜನ ಬಂದು ಉರುಳಿಸಿದ್ರಲ್ಲ, ಅವತ್ತಿಂದ ಹೀಗೆ," ಎಂದ. "ಇದನ್ನೂ ನೋಡಿ, ಸೀಲು. ಬಿದ್ದ ಏಟಿಗೆ ಅಂಚು ಹಾರಿಹೋಯ್ತು. ಅಲ್ಲೀವರೆಗೂ ಹೊಸದರ ಹಾಗಿತ್ತು."

ಟೈಲರಮ್ಮ ತಲೆ ತಗ್ಗಿಸಿದಳು. ಮೇಜು ಉರುಳಿಸಿದ ಕೈಗಳಲ್ಲಿ ಅವಳದೂ ಇತ್ತು.

ಅತ್ತಿಗೆ ಫೈಲ್ ಬಿಡಿಸಿಕೊಂಡು ಕೂತರು. ಇಂಜಿನಿಯರ್ ಪತ್ರದ ತಲೆಯ ಮೇಲೆ '2ನೇ ತಾರೀಖು' ಎಂದಿತ್ತು. ಕೆಳಗೆ 'ಮಂಗಳವಾರ, 16' ಎಂದು ಟೈಪಾಗಿತ್ತು. ಮೂಲೆಯಲ್ಲಿ 'ಸ್ವೀಕರಿಸಲಾಗಿದೆ' ಎಂಬ ಸೀಲು, ಅದರೊಳಗೆ ಪೆನ್ನಿನಲ್ಲಿ ಬರೆದ 3. ಅವರು ಅದರ ಹಿಂದಿನ ಮುಂದಿನ ಪತ್ರಗಳನ್ನೆಲ್ಲ ನಿಧಾನವಾಗಿ ತಿರುವಿದರು.

"ಫೈಲು ಯಾರ ಕೈಗೆ ಸಿಗುತ್ತೆ?"

"ಬೀರುವಿನ ಬೀಗದ ಕೈ ಎರಡೇ. ಮೇಡಮ್ಮಂದು, ನಂದು," ಎಂದ ಗುಮಾಸ್ತ. ಆಮೇಲೆ ದನಿ ತಗ್ಗಿಸಿದ. "ಗುರುವಾರ ಮಾತ್ರ ಇಂಜಿನಿಯರ್ ಸಾಹೇಬ್ರು ಬಂದು ಫೈಲ್ ಕೇಳಿದ್ರು. ಒಳಕೋಣೇಲಿ ಅರ್ಧ ಗಂಟೆ ಒಬ್ರೇ ಕೂತಿದ್ರು. ನಾನ್ಯಾಕೆ ಸುಳ್ಳು ಹೇಳ್ಲಿ?"

ಅತ್ತಿಗೆ ನಾದಿನಿಯನ್ನು ಕರೆದರು. "ಈ ತಾರೀಖಿನ ಎಡಗಡೆ ಬೆರಳಾಡಿಸು. ನಿನ್ನ ಬೆರಳಿಗೆ ನನ್ನ ಕಣ್ಣಿಗಿಂತ ಹೆಚ್ಚು ತಿಳಿಯುತ್ತೆ."

ಟೈಲರಮ್ಮ ಮುಟ್ಟಿ ನೋಡಿದಳು. "ತರಿತರಿ ಇದೆ. ಹೊಲಿಗೆ ಬಿಚ್ಚಿ ಮೇಲೆ ಇಸ್ತ್ರಿ ಎಳೆದ ಜಾಗದ ಹಾಗೆ."

ಅತ್ತಿಗೆ ಒಂದು ಹಳೆಯ ಪೇಪರಿನ ಮೇಲೆ ಸೀಲು ಒತ್ತಿ, ಅಷ್ಟು ಹರಿದು ಚೀಲಕ್ಕೆ ಹಾಕಿಕೊಂಡರು. ಫೈಲನ್ನು ಸದಸ್ಯೆಯ ಕೈಗೆ ಕೊಟ್ಟು, "ಐದು ಗಂಟೆವರೆಗೂ ಇದನ್ನ ಮಡಿಲಿಂದ ಇಳಿಸ್ಬೇಡ. ಇಂಜಿನಿಯರ್‌ನೂ ಕರೆಸು," ಎಂದರು.

ದಾರಿಯಲ್ಲಿ ಟೈಲರಮ್ಮನಿಗೆ ತಡೆಯಲಾಗಲಿಲ್ಲ. "ಆ ಇಂಜಿನಿಯರ್ರೇ ತಾನೇ ಅತ್ತಿಗೆ? ಹೇಳಿಬಿಡಿ, ನಾನೇ ಅವನ ಕಾಲರ್ ಹಿಡೀತೀನಿ."

"ಕೋಪದ ಕಣ್ಣಿಗೆ ತಪ್ಪು ಕಾಣಲ್ಲ ಕಣೆ, ತಪ್ಪಿತಸ್ಥ ಮಾತ್ರ ಕಾಣ್ತಾನೆ. ಅದೂ ಎಷ್ಟೋ ಸಲ ಬೇರೆಯವನು."

ಆಸ್ಪತ್ರೆಯಲ್ಲಿ ಮಗಳು ನಿದ್ದೆಯಲ್ಲಿದ್ದಳು. ಟೈಲರಮ್ಮ ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕಾದಳು. ಏನೂ ಮಿಸುಕಲಿಲ್ಲ. ಮಗುವೂ ಮಲಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು.

ಐದು ಗಂಟೆಗೆ ಸಭೆಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಇಂಜಿನಿಯರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗುಮಾಸ್ತ ಎಲ್ಲರಿಗೂ ಕುರ್ಚಿ ಹಾಕುತ್ತ ಓಡಾಡುತ್ತಿದ್ದ. ಹಿಂದಿನಿಂದ ಯಾರೋ "ಕೊಲೆಗಾರ್ತಿ" ಎಂದು ಕೂಗಿದರು. ಅತ್ತಿಗೆ ಎದ್ದು ನಿಂತರು.

"ಹತ್ತು ನಿಮಿಷ ಕೊಡಿ. ಆಮೇಲೆ ಬೈಯೋರು ಬೈಯಿರಿ, ಆದ್ರೆ ಸರಿಯಾದವರನ್ನ ಬೈಯಿರಿ." ಇಂಜಿನಿಯರ್ ಕಡೆ ತಿರುಗಿದರು. "ಈ ತೊಟ್ಟಿ ವಿಷಯಕ್ಕೆ ನೀವು ಬರೆದ ಪತ್ರ ಎಷ್ಟು?"

"ಫೈಲಲ್ಲಿ ಒಂದಿದೆಯಲ್ಲ. ಮಂಗಳವಾರ ಅಂತ ಸ್ಪಷ್ಟವಾಗಿದೆ."

"ಫೈಲಲ್ಲಿ ಎಷ್ಟಿದೆ ಅಂತ ನಾನು ಕೇಳಲಿಲ್ಲ."

ಅತ್ತಿಗೆ ಪತ್ರವನ್ನು ಎತ್ತಿ ಹಿಡಿದರು.

"ಇದು ಮೂರನೇ ತಾರೀಖು ಕಚೇರಿಗೆ ಬಂತು ಅಂತ ಇದರ ಮೇಲಿನ ಸೀಲು ಹೇಳುತ್ತೆ. ಆದ್ರೆ ಈ ಸೀಲಿನ ಅಂಚು ಮುರಿದಿದೆ. ಇಗೋ, ಇವತ್ತು ನಾನು ಒತ್ತಿಕೊಂಡದ್ದು. ಅದೇ ಜಾಗ, ಅದೇ ಮುರುಕು. ಈ ತಿಂಗಳು ಬಂದ ಬೇರೆಲ್ಲ ಪತ್ರದ ಮೇಲೂ ಸೀಲು ಪೂರ್ತಿ ದುಂಡಗಿದೆ. ಸೀಲು ಮುರಿದದ್ದು ಯಾವತ್ತು? ಬುಧವಾರ ಸಂಜೆ, ನೀವೇ ಮೇಜು ಉರುಳಿಸಿದಾಗ. ಅಂದ್ರೆ ಈ ಸೀಲು ಬಿದ್ದದ್ದು ಜನ ಆಸ್ಪತ್ರೆ ಸೇರಿದ ಮೇಲೆ."

ಕೋಣೆಯಲ್ಲಿ ಗುಜುಗುಜು ಎದ್ದಿತು.

"ಇನ್ನು ತಾರೀಖು. 2ರ ಎಡಕ್ಕೆ ಒಂದು ಅಂಕಿಯಷ್ಟು ಜಾಗ ಖಾಲಿ. ಅಲ್ಲಿ ಕಾಗದ ತರಿತರಿ ಅಂತ ನಮ್ಮ ನಾದಿನಿ ಬೆರಳಲ್ಲೇ ಹೇಳಿದ್ಲು. ಅಲ್ಲಿದ್ದ 1ನ್ನು ಬ್ಲೇಡಿನಲ್ಲಿ ಕೆರೆದಿದಾರೆ. ಇದು 12ನೇ ತಾರೀಖು, ಶುಕ್ರವಾರ ಬರೆದ ಪತ್ರ. ಕರಪತ್ರ ಅಷ್ಟರಲ್ಲಿ ಹಂಚಿ ಆಗಿತ್ತು. ಸದಸ್ಯೆ ಓದಿದ್ದು ಬೇರೆ ಪತ್ರ. ಅದರಲ್ಲಿ ಬುಧವಾರ ಅಂತಲೇ ಇತ್ತು. ಅದನ್ನ ತೆಗೆದು ಈ ಎರಡನೇದನ್ನ ಅದರ ಜಾಗಕ್ಕೆ ಕೂರಿಸಿದಾರೆ."

ಜನರೆಲ್ಲ ಇಂಜಿನಿಯರ್ ಕಡೆ ತಿರುಗಿದರು. ಟೈಲರಮ್ಮ ಆಗಲೇ ಎರಡು ಹೆಜ್ಜೆ ಮುಂದಿಟ್ಟಿದ್ದಳು.

"ನಿಲ್ಲೇ," ಎಂದರು ಅತ್ತಿಗೆ. "ಇವರಿಗೆ ಬೇಕಿದ್ರೆ 2ನೇ ತಾರೀಖು ಹಾಕಿ ಹೊಸ ಪತ್ರವನ್ನೇ ಟೈಪ್ ಮಾಡಿಸ್ತಿದ್ರು. ಕಾಗದವೂ ಇವರದೇ, ಸಹಿಯೂ ಇವರದೇ. ಕೆರೆಯೋ ಕಷ್ಟ ಯಾರಿಗೆ? ಬೇರೆ ಪತ್ರ ಹುಟ್ಟಿಸೋಕೆ ಆಗದವನಿಗೆ. ಬೀಗದ ಕೈ ಇರೋದು ಇಬ್ಬರ ಹತ್ರ. ತನ್ನ ಕುತ್ತಿಗೆಗೇ ಬರೋ ಪತ್ರವನ್ನ ಸದಸ್ಯೆ ತಾನೇ ಸೃಷ್ಟಿಸಲ್ಲ. ಉಳಿದವನು ಒಬ್ಬ."

ಕುರ್ಚಿ ಹಿಡಿದಿದ್ದ ಗುಮಾಸ್ತ ಅದರ ಮೇಲೇ ಕುಸಿದು ಕೂತ.

"ಶುಕ್ರವಾರ ಬೀಗ ಹಾಕೋ ಹೊತ್ತಿಗೆ ಬಂತು," ಎಂದ. ದನಿ ಬಾವಿಯೊಳಗಿಂದ ಬಂದಂತಿತ್ತು. "ಸೋಮವಾರ ಹೇಳೋಣ ಅಂತ ಡ್ರಾಯರಿಗೆ ಹಾಕಿದೆ. ಮರೆತೇಹೋಯ್ತು."

"ನೆನಪಾದದ್ದು ಯಾವಾಗ?"

ಅವನು ಕಿವಿಯ ಪೆನ್ಸಿಲ್ ತೆಗೆದು ಕೈಯಲ್ಲಿ ತಿರುಗಿಸಿದ. ಅತ್ತಿಗೆ ಮತ್ತೆ ಕೇಳಿದರು.

"ಮಂಗಳವಾರ ಮಧ್ಯಾಹ್ನ."

ಟೈಲರಮ್ಮ ಅವನೆದುರು ಬಂದು ನಿಂತಳು. "ಮಂಗಳವಾರ ಸಂಜೆ ನೀವು ನಮ್ಮ ಬೀದೀಲೇ ಹಾದುಹೋದ್ರಿ. ನಾನು ನಲ್ಲಿ ಹತ್ರ ಕೊಡ ತುಂಬಿಸ್ತಿದ್ದೆ. 'ಏನಮ್ಮಾ, ನೀರು ಹಿಡೀತಿದೀರಾ' ಅಂತ ಕೇಳಿದ್ರಿ."

"ಹೇಳ್ಬೇಕು ಅಂತ್ಲೇ ನಿಂತೆ ತಾಯಿ. ಹೇಳಿದ್ರೆ ಮರೆತದ್ದು ಗೊತ್ತಾಗುತ್ತೆ, ಕೆಲಸ ಹೋಗುತ್ತೆ ಅನ್ನಿಸ್ತು. ಸ್ವಲ್ಪ ಔಷಧಿ ತಾನೇ, ಏನಾಗುತ್ತೆ ಅಂದ್ಕೊಂಡೆ."

ಹಿಂದಿನ ಸಾಲು ಎದ್ದು ಮುನ್ನುಗ್ಗಿತು. ಸದಸ್ಯೆ ಓಡಿಬಂದು ಗುಮಾಸ್ತನಿಗೆ ಅಡ್ಡ ನಿಂತಳು. "ಇವರ ಮೇಲೆ ಕೈ ಮಾಡ್ಬೇಡಿ. ಕಾನೂನು ನೋಡ್ಕೊಳ್ಳುತ್ತೆ. ಮತ್ತೆ ಇವರೊಬ್ಬರದ್ದೇ ತಪ್ಪಲ್ಲ. ಸೋಮವಾರ ನಾನು ಒಂದು ಫೋನ್ ಮಾಡಿ 'ಬುಧವಾರವೇ ತಾನೇ' ಅಂತ ಕೇಳಿದ್ರೆ ಸಾಕಿತ್ತು. ಕೇಳಲಿಲ್ಲ."

ಇಂಜಿನಿಯರ್‌ನನ್ನು ಅತ್ತಿಗೆ ಬಿಡಲಿಲ್ಲ. ಬುಧವಾರ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು, ಅಷ್ಟರಲ್ಲಿ ತೊಟ್ಟಿ ತೊಳೆದಿರಲಿ ಎಂದು ಒಂದು ದಿನ ಹಿಂದಕ್ಕೆ ತಂದೆ ಎಂದು ಕೊನೆಗೆ ಒಪ್ಪಿಕೊಂಡ. ಜನರಿಗೆ ಏಳು ದಿನ ಮೊದಲೇ ತಿಳಿಸಬೇಕೆಂಬ ನಿಯಮ ಅವನಿಗೆ ಗೊತ್ತಿತ್ತು. ಗುರುವಾರ ಫೈಲು ನೋಡಿದಾಗ ಮೊದಲ ಪತ್ರ ಮಾಯವಾಗಿದ್ದದ್ದೂ ಗೊತ್ತಾಗಿತ್ತು. ಒಬ್ಬನು ಮರೆತದ್ದನ್ನು ಮುಚ್ಚಿದ, ಇನ್ನೊಬ್ಬ ಮುಚ್ಚಿದ್ದನ್ನು ಕಂಡೂ ಬಾಯಿ ಮುಚ್ಚಿಕೊಂಡ. ಇಬ್ಬರ ಹೇಳಿಕೆಯನ್ನೂ ಬರೆಸಿ ಸಹಿ ಹಾಕಿಸಿಕೊಂಡದ್ದಾಯಿತು. ಮೇಜಿನ ಮೇಲೆ ಮಡಿಸಿಟ್ಟಿದ್ದ ರಾಜೀನಾಮೆಯನ್ನು ಎತ್ತಿಕೊಳ್ಳಲು ಯಾರೂ ಕೈ ಚಾಚಲಿಲ್ಲ.

ಹೊರಗೆ ಬಂದಾಗ ಸದಸ್ಯೆ ಟೈಲರಮ್ಮನ ಹಿಂದೆಯೇ ಬಂದಳು. "ಆಸ್ಪತ್ರೆಗೆ ನಾನೂ ಬರ್ಲಾ? ಹತ್ತೊಂಬತ್ತು ಜನಕ್ಕೂ ನಾನೇ ಹೇಳ್ಬೇಕು. ಇದು ಅಚ್ಚು ಹಾಕಿ ಹಂಚೋ ಸುದ್ದಿ ಅಲ್ಲ."

ಟೈಲರಮ್ಮ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಹೆಜ್ಜೆ ಮಾತ್ರ ನಿಧಾನ ಮಾಡಿದಳು.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ನರ್ಸ್ ಸಿಕ್ಕಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಇನ್ನೆರಡು ದಿನ ಇಲ್ಲೇ ಇರಲಿ ಎಂದಳು. ಟೈಲರಮ್ಮ ಬೇಗಬೇಗ ಒಳಗೆ ನಡೆದಳು. ಮಗಳು ದಿಂಬಿಗೊರಗಿ ಕೂತಿದ್ದಳು. ಸದಸ್ಯೆ ಹಾಸಿಗೆಯ ಪಕ್ಕ ಕೂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಮಗಳು ಕೊನೆಯವರೆಗೂ ಕೇಳಿ, ಒಡೆದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಈಗ ನಲ್ಲಿ ನೀರು ಕುಡೀಬಹುದಾ?"

"ಬೆಳಗ್ಗೆ ಪರೀಕ್ಷೆಗೆ ಕಳಿಸಿದ್ದೀವಿ," ಎಂದಳು ಸದಸ್ಯೆ. "ಇನ್ನೂ ಉತ್ತರ ಬಂದಿಲ್ಲ. ನನಗೆ ಗೊತ್ತಿಲ್ಲಮ್ಮ."

ಟೈಲರಮ್ಮ ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದು ತಂದು ಅವಳ ಪಕ್ಕದಲ್ಲೇ ಕೂತಳು.