ಹಿಂದಿನ ಹಳದಿ ಗಾಡಿ

'ಯಾಂವಲೇ ನೀ? ಸತ್ತವರ ಹೆಸರ ಹಾಕ್ಕೊಂಡ ಆಡಾಕ ನಾಚಿಕಿ ಬರೂದಿಲ್ಲಾ?'

ಟಿವಿಯ ಮೂಲೆಯಲ್ಲಿ ಈ ಸಾಲು ಮೂಡಿದಾಗ ಶಬ್ರೀನಳ ಕೈಯಲ್ಲಿದ್ದ ಗೇಮಿನ ರಿಮೋಟು ಜಾರಿ ತೊಡೆಯ ಮೇಲೆ ಬಿತ್ತು. ಅಕ್ಷರಗಳು ಇಂಗ್ಲಿಷಿನವು, ಭಾಷೆ ಮಾತ್ರ ಅಪ್ಪಟ ಬೆಳಗಾವಿ ಕಡೆಯದು. ಬೈದವನ ಹೆಸರು ಮೇಲೆಯೇ ಇತ್ತು. ಇಜಾಜ, ಅವಳ ಗಂಡ ಶರೀಫನ ಗೆಳೆಯ.

ಅವನನ್ನು ಅವಳು ಸರಿಯಾಗಿ ನೋಡಿದವಳೇ ಅಲ್ಲ. ಮದುವೆಯ ಗದ್ದಲದಲ್ಲಿ ಒಮ್ಮೆ, ಶರೀಫನ ಮಯ್ಯತ್ತಿನ ದಿನ ಹೆಣ ಎತ್ತುವಾಗ ಬಾಗಿಲ ಸಂದಿಯಿಂದ ಒಮ್ಮೆ ಕಂಡಿದ್ದಳು. ದನಿಯ ಪರಿಚಯವಂತೂ ಚೆನ್ನಾಗಿತ್ತು. ಇಬ್ಬರೂ ಆನ್‌ಲೈನ್ ಆಡಲು ಕುಳಿತರೆ ಇಜಾಜನ ನಗು ಶರೀಫನ ಹೆಡ್‌ಫೋನ್ ದಾಟಿ ಅಡುಗೆ ಕಟ್ಟೆಯವರೆಗೂ ಬರುತ್ತಿತ್ತು.

ಶಬ್ರೀನ ಒಂದೊಂದೇ ಅಕ್ಷರ ಹುಡುಕಿ ಉತ್ತರ ಬರೆದಳು. 'ನಾ ಶಬ್ರೀನ. ಅವರ ಮನಿಯಾಕಿ. ಇದ್ದತ್ತಿನಾಗ ಅದೀನಿ, ಹೊರಗ ಹೋಗಾಕ ಬರೂದಿಲ್ಲ. ಅದಕ್ಕ ಇಲ್ಲಿ ತಿರಗ್ಯಾಡಾಕತ್ತೇನಿ.'

ಗೇಮಿನ ರಸ್ತೆಯಲ್ಲಿ ಅವಳ ಕಾರಿನ ಹಿಂದೆ ತಲೆಯ ಮೇಲೆ ಇಜಾಜನ ಹೆಸರು ಹೊತ್ತ ಒಂದು ಹಳದಿ ಗಾಡಿ ಬಂದು ನಿಂತಿತು. ಆಮೇಲೆ ಸಾಲು ಮೂಡಿತು.

'ಮಾಫ್ ಮಾಡ್ರಿ ಭಾಭಿ. ನಿಮ್ಮ ಇದ್ದತ್ತ ಮುಗಿಯೂತನಕ ನಾ ಮಾತಾಡೂದು ಚಲೋ ಅಲ್ಲ. ಮಾತಾಡೂದಿಲ್ಲ.'

ಇದ್ದತ್ತೆಂದರೆ ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಸಿಂಗಾರ ಕೂಡದು, ಮದುವೆಯ ಮಾತಂತೂ ಕೂಡಲೇಕೂಡದು. ಶಬ್ರೀನಳಿಗೆ ಅದರಲ್ಲಿ ತಕರಾರಿರಲಿಲ್ಲ. ಆದರೆ ಜೋಗೇಶ್ವರಿಯ ಆ ಚಾಳಿನ ಖೋಲಿಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಎದುರಿಗೆ ಪ್ಲಾಸ್ಟಿಕ್ ಕಾರ್ಖಾನೆಯ ಗೋಡೆ. ದುಃಖಕ್ಕೂ ಸ್ವಲ್ಪ ಕಾಲಾಡಿಸಲು ಜಾಗ ಬೇಕಾಗುತ್ತದೆ ಎಂಬುದು ಹೊರಗೆ ತಿರುಗುವವರಿಗೆ ಹೇಗೆ ಗೊತ್ತಾಗಬೇಕು?

ಶರೀಫ ಬೈಕಿನ ಮೇಲೆ ಪಾರ್ಸೆಲ್ ಮುಟ್ಟಿಸುವ ಕೆಲಸದವನು. ಬೆಳಿಗ್ಗೆ ಹೊರಟರೆ ಪವಾಯಿ, ಪಾರ್ಲೆ ಎಂದು ಸುತ್ತಿ ಸಂಜೆಗೆ ಬರುತ್ತಿದ್ದ. ಟಿಕೆಟ್ ಇಲ್ಲದೆ ಲೋಕಲ್ ಹತ್ತಿದವನಲ್ಲ, ಸಿಗ್ನಲ್ ಮುರಿದವನಲ್ಲ. ಅಂಥವನು ಸಂಜೆ ಟಿವಿ ಮುಂದೆ ಕುಳಿತನೆಂದರೆ ಮಹಾ ಪುಂಡ. ಕಂಡ ಕಂಡ ಕಾರು ಕಸಿದುಕೊಳ್ಳುವುದು, ಪೊಲೀಸರನ್ನು ಊರೆಲ್ಲ ಓಡಿಸುವುದು, ಸೇತುವೆಯ ಮೇಲಿಂದ ಗಾಡಿ ಸಮೇತ ನೀರಿಗೆ ಹಾರುವುದು.

"ಏನ್ರೀ, ಇದೆಂಥಾ ಕಳ್ಳತನದ ಆಟ?" ಎಂದು ಅವಳು ಮುಖ ಸಿಂಡರಿಸುತ್ತಿದ್ದಳು.

"ಕಳ್ಳತನ ಬಿಡ. ರಸ್ತಾ ನೋಡ, ರಸ್ತಾ!" ಎನ್ನುತ್ತಿದ್ದ. "ದಿನಾ ಪೂರಾ ಬ್ರೇಕಿನ ಮ್ಯಾಲ ಕಾಲ ಇಟ್ಟ ಇಟ್ಟ ಸಾಕಾಗಿರತೈತಿ. ಇಲ್ಲಿ ಎಲ್ಲಿ ಬೇಕಾದ್ರೂ ಹೊಳ್ಳಬಹುದು. ಯಾರೂ ನಿಲ್ಲಸೂದಿಲ್ಲ."

ಹೈವೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಅವನು ಎಂದಿನಂತೆ ನಿಂತಿದ್ದ. ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದೇ ಬಂತು, ಹೊರಗೆ ಬರಲಿಲ್ಲ.

ಅವನು ಹೋದ ಮೇಲೆ ಒಂದು ಮಧ್ಯಾಹ್ನ ಟಿವಿ ಒರೆಸುವಾಗ ಶಬ್ರೀನಳ ಕೈ ತಗುಲಿ ಗೇಮು ಹತ್ತಿಕೊಂಡಿತು. ಪರದೆಯ ಮೇಲೆ ಶರೀಫ ನಿಂತಿದ್ದ. ತನ್ನದೇ ಮುಖದ ಬೊಂಬೆಯನ್ನು ಅವನೇ ಕುಳಿತು ಮಾಡಿಕೊಂಡಿದ್ದ. ಅದೇ ಸ್ವಲ್ಪ ಸೊಟ್ಟ ಮೂಗು, ಅದೇ ಚೌಕಳಿ ಅಂಗಿ. ಎಲ್ಲಿಗೆ ಹೋಗೋಣ ಎಂದು ಕೇಳುವವನಂತೆ ಅತ್ತಿತ್ತ ನೋಡುತ್ತಿದ್ದ.

ಅತ್ತೆ ನಜಮುನ್ನೀಸಾಳ ಕೈಯಲ್ಲಿ ತಿರುಗುತ್ತಿದ್ದ ತಸ್ಬೀ ಮಣಿಗಳು ನಿಂತುಹೋದವು. ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಸರಿದಳು.

"ನಡಸ ನೋಡೂಣು ಬೇಟಿ."

"ಅಮ್ಮೀ, ಇದ್ದತ್ತಿನಾಗ ಇದೆಲ್ಲಾ..."

"ಮನಿ ಬಿಟ್ಟ ಹೋಗಬಾರದಂದಾರ. ಟಿವಿ ಒಳಗ ಹೋಗಬ್ಯಾಡ ಅಂತ ಯಾರ ಹೇಳ್ಯಾರ? ನಡಸ."

ಶಬ್ರೀನ ನಡೆಸಿದಳು. ಯಾರ ಕಾರನ್ನೂ ಕಸಿಯಲಿಲ್ಲ. ಶರೀಫ ಗ್ಯಾರೇಜಿನಲ್ಲಿ ಇಟ್ಟಿದ್ದ ಬಿಳಿ ಕಾರನ್ನು ತೆಗೆದು ಕೆಂಪು ದೀಪ ಕಂಡಲ್ಲೆಲ್ಲ ನಿಂತು, ಕೊನೆಗೆ ಸಮುದ್ರದ ದಂಡೆಗೆ ತಂದಳು. ಅತ್ತೆ ಸೊಸೆ ಇಬ್ಬರೂ ಅಲ್ಲಿ ಸುಳ್ಳು ಸೂರ್ಯ ಮುಳುಗುವುದನ್ನು ನೋಡಿದರು. ಇಜಾಜ ಬೈದ ಸಾಲು ಬಂದದ್ದು ಅದಾಗಿ ಕೆಲವು ದಿನಕ್ಕೆ.

ಮಾತಾಡುವುದಿಲ್ಲ ಎಂದವನು ಮಾತಾಡಲಿಲ್ಲ. ಆದರೆ ಮರುದಿನವೇ ಆಗಬಾರದ್ದು ಆಯಿತು. ಆ ಊರಿನಲ್ಲಿ ಆಡಲು ಬರುವ ಸಾವಿರ ಪುಂಡರಲ್ಲಿ ಯಾರೋ ಒಬ್ಬ ಸುಮ್ಮಸುಮ್ಮನೆ ಗುಂಡು ಹಾರಿಸಿದ. ಚೌಕಳಿ ಅಂಗಿ ರಸ್ತೆಯ ಮೇಲೆ ಬಿತ್ತು, ಪರದೆ ಬೂದಿಬಣ್ಣಕ್ಕೆ ತಿರುಗಿತು. ಕಣ್ಣು ಮಿಟುಕಿಸುವುದರೊಳಗೆ ಶರೀಫ ಒಂದು ಆಸ್ಪತ್ರೆಯ ಬಾಗಿಲಿನಿಂದ ಅಂಗಿ ಝಾಡಿಸಿಕೊಂಡು ಹೊರಗೆ ಬಂದ.

"ಎದ್ದ ಬಂದಾ!" ನಜಮುನ್ನೀಸಾ ಮೊಣಕಾಲಿನ ನೋವು ಮರೆತು ಎದ್ದು ನಿಂತಳು. "ಶಬ್ಬೂ, ದವಾಖಾನಿಯಿಂದ ಎದ್ದ ಬಂದಾ ನೋಡ ನನ್ನ ಮಗಾ!"

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಿಳಿಯಿತು. ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ಅತ್ತಳು. ಶಬ್ರೀನ ಅತ್ತೆಯ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡೇ ಇನ್ನೊಂದು ಕೈಯಿಂದ ಇಜಾಜನಿಗೆ ಒಂದು ಸಾಲು ಬರೆದಳು.

'ಇವರನ್ನ ಮತ್ತ ಸಾಯಾಕ ಬಿಡಬ್ಯಾಡ್ರಿ.'

ಸ್ವಲ್ಪ ಹೊತ್ತಿನಲ್ಲಿ ಆಸ್ಪತ್ರೆಯ ಮುಂದೆ ಹಳದಿ ಗಾಡಿ ಬಂದು ನಿಂತಿತು. ಅದರ ಎರಡೂ ದೀಪಗಳು ಒಮ್ಮೆ ಮುಚ್ಚಿ ತೆರೆದವು, ಮತ್ತೊಮ್ಮೆ ಮುಚ್ಚಿ ತೆರೆದವು.

ಅಂದಿನಿಂದ ಆ ಗಾಡಿ ಅವಳ ಬೆನ್ನು ಬಿಡಲಿಲ್ಲ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಇವಳು ಕಾರು ತೆಗೆದರೆ ಮೂಲೆಯಲ್ಲಿ ಅದು ಕಾದಿರುತ್ತಿತ್ತು. ಇವಳು ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ಗುಂಡು ಹಾರಿಸುವವರು ಬಂದರೆ ನಡುವೆ ನುಗ್ಗಿ ಅಡ್ಡ ನಿಲ್ಲುವುದು. ಎಷ್ಟೋ ಸಲ ಇಜಾಜನ ಬೊಂಬೆ ಶರೀಫನ ಬದಲು ಸತ್ತು, ಆಸ್ಪತ್ರೆಯಿಂದ ಎದ್ದು, ಇನ್ನೊಂದು ಹಳದಿ ಗಾಡಿ ಹಿಡಿದು ಮತ್ತೆ ಹಿಂದೆ ಬರುತ್ತಿತ್ತು.

"ಯಾಂವ ಅಂವ? ನೆರಳಿನಂಗ ಬರ್ತಾನ," ಎಂದು ಅತ್ತೆ ಕೇಳಿದಳು.

"ಇಜಾಜ, ಅಮ್ಮೀ. ಅವರ ದೋಸ್ತ."

"ಹ್ಞಾಂ, ಪಾರ್ಲೆದಾಗ ಇರಾಂವ. ಮಯ್ಯತ್ತಿನ ದಿನ ಜನಾಜಾ ಹೊತ್ತ ಹೆಗಲ ಬದಲಿ ಮಾಡಾಕ ಒಲ್ಲೆ ಅಂದಾಂವ ಅವನ."

ಮಾತಿಲ್ಲದಿದ್ದರೇನು, ದೀಪಗಳಿದ್ದವಲ್ಲ. ಇವಳು ಹೊರಡುವಾಗ ಹಾರ್ನ್ ಒತ್ತಿದರೆ ಅವನು ದೀಪ ಮಿಟುಕಿಸುತ್ತಿದ್ದ. ಒಂದು ದಿನ ಇವಳಿಗೆ ಹುಡುಗಾಟ ಹತ್ತಿತು. ಎಲ್ಲಿಯವರೆಗೆ ಬರುತ್ತಾನೆ ನೋಡೋಣ ಎಂದು ಕಾರು ಬಿಟ್ಟಿಳಿದು ಒಂದು ಓಣಿಯ ಮೆಟ್ಟಿಲು ಹತ್ತಿದಳು. ಅವನು ಗಾಡಿ ಸಮೇತ ಮೆಟ್ಟಿಲು ಹತ್ತಲು ಹೋಗಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ. ಮುಂದೆಯೂ ಬರಲಾರ, ಹಿಂದೆಯೂ ಹೋಗಲಾರ. ಗಾಡಿಯ ದೀಪಗಳು ಮಾತ್ರ ಪಾಪ, ಮಿಟಮಿಟ ಎನ್ನುತ್ತಿದ್ದವು.

ಶಬ್ರೀನ ನಕ್ಕುಬಿಟ್ಟಳು. ಗಟ್ಟಿಯಾಗಿಯೇ ನಕ್ಕಳು. ಅತ್ತೆ ತಿರುಗಿ ನೋಡಿದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಜಮುನ್ನೀಸಾ ತಸ್ಬೀ ಎಣಿಸುತ್ತ ಎಣಿಸುತ್ತ ತಾನೂ ಮುಸಿಮುಸಿ ನಕ್ಕಳು.

ಆದರೆ ನಗು ಬಂದ ದಾರಿಯಲ್ಲೇ ಭಯವೂ ಬಂತು. ಇಜಾಜನಿಗೆ ಡಬಲ್ ಡ್ಯೂಟಿ ಬಿದ್ದಿತ್ತೋ ಏನೋ, ಒಂದು ದಿನ ಹಳದಿ ಗಾಡಿ ಬರಲಿಲ್ಲ. ಶಬ್ರೀನ ಕಾರು ತೆಗೆಯದೆ ಗ್ಯಾರೇಜಿನ ಮುಂದೆಯೇ ನಿಂತಳು. ಎದುರಿಗೆ ಗಂಡನ ಮುಖವಿತ್ತು. ಅವಳ ಕಣ್ಣು ಅವನ ಹೆಗಲ ಮೇಲಿಂದ ಹಿಂದಿನ ರಸ್ತೆಯನ್ನು ಹುಡುಕುತ್ತಿತ್ತು. ಅದು ಹೊಳೆದೊಡನೆ ಅವಳು ಟಿವಿ ಆರಿಸಿ ಮುಸುಕು ಎಳೆದು ಮಲಗಿದಳು. ತಾನು ಕಾಯುತ್ತಿರುವುದು ಶರೀಫನನ್ನೇ ಎಂದು ತನ್ನ ಮನಸ್ಸಿಗೆ ತಾನೇ ಸುಳ್ಳು ಹೇಳಲು ಆಗಲಿಲ್ಲ.

ಇಜಾಜ? ಅವನು ಕಾಯುತ್ತಿರುವುದು ಯಾರನ್ನು? ಕಣ್ಣೆದುರಿನ ಬೊಂಬೆ ಶರೀಫನದು, ಹೆಸರು ಶರೀಫನದು. ಸತ್ತ ಗೆಳೆಯನಿಗೆ ಋಣ ತೀರಿಸುವವನ ಮೇಲೆ ತಾನು ಇಲ್ಲದ ಆಸೆ ಇಟ್ಟುಕೊಂಡರೆ ನಗೆಪಾಟಲು ತನ್ನದೇ. ಮರುದಿನ ಹಳದಿ ಗಾಡಿ ಬಂದಾಗ ಅವಳು ಹಾರ್ನ್ ಒತ್ತಲಿಲ್ಲ. ದೀಪಗಳು ಮಾತ್ರ ತಾವಾಗಿ ಮಿಟುಕಿದವು.

ಇದ್ದತ್ತು ಮುಗಿಯಿತು. ಆ ವಾರವೇ ಇಜಾಜನ ಅಕ್ಕ ಗುಲಾಫಶಾ ಮಿಠಾಯಿ ಡಬ್ಬಿ ಹಿಡಿದು ಬಂದಳು. ನಜಮುನ್ನೀಸಾಳ ಕೈ ಹಿಡಿದುಕೊಂಡು ಮದುವೆಯ ವಿಷಯ ತೆಗೆದಳು. "ಖಾಲಾ, ನನ್ನ ತಮ್ಮ ಹೂಂ ಅನಸ್ಕೊಂಡ ಬಾ ಅಂದಾನ. ಒತ್ತಾಯ ಮಾತ್ರ ಮಾಡಬ್ಯಾಡ ಅಂತ ಕಸಂ ಹಾಕ್ಯಾನ."

ನಜಮುನ್ನೀಸಾ ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡುತ್ತ ಹೇಳಿದಳು. "ಒಂದ ಮಾತ ಅವರಿಗೆ ಕೇಳೂದೈತಿ ಅಮ್ಮೀ. ನಿಮ್ಮ ಮುಂದನ."

ಇಜಾಜ ಮರುದಿನ ಸಂಜೆ ಬಂದ. ಏರ್‌ಪೋರ್ಟಿನ ಯೂನಿಫಾರ್ಮಿನಲ್ಲೇ ಬಂದಿದ್ದ. ಗೇಮಿನಲ್ಲಿ ಅಷ್ಟು ಧೈರ್ಯದಿಂದ ಗುಂಡಿಗೆ ಎದೆ ಕೊಡುವವನು ಇಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತು ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಬಾಗಿಲು ತೆರೆದೇ ಇತ್ತು. ಅತ್ತೆ ನಡುವೆ ಕುಳಿತಿದ್ದಳು.

"ಏರ್‌ಪೋರ್ಟಿನಾಗ ಏನ ಕೆಲಸ ನಿಂದು?" ನಜಮುನ್ನೀಸಾ ಮಾತು ಹಗುರ ಮಾಡಲು ನೋಡಿದಳು.

"ವಿಮಾನದ ಸಾಮಾನ ಎಳಿಯೋ ಟ್ರ್ಯಾಕ್ಟರ್ ಓಡಸ್ತೇನ್ರಿ ಖಾಲಾ. ಸೈಕಲ್ಲಿಗಿಂತ ಸಾವಕಾಶ. ಜೋರ ಹೊಡದ್ರ ಮೆಮೊ."

ಶಬ್ರೀನ ನಗಲಿಲ್ಲ. "ಆಟದ ಸಿಗ್ನಲ್ಲಿನಾಗ ಜಾಗಾ ಇದ್ರೂ ನೀವು ಬಾಜೂಕ ನಿಂದರತಿದ್ದಿಲ್ಲ. ದಿನಾ ನನ್ನ ಹಿಂದನ. ಯಾಕ?"

ಇಜಾಜ ಕಪ್ಪು ಕೆಳಗಿಟ್ಟ.

"ಹಿಂದಿಂದ ಬಂದಿತ್ತಲ್ಲರಿ ಭಾಭಿ, ಅದು."

ನೀರಿನ ಟ್ಯಾಂಕರ್ ಮೂವರ ಕಣ್ಣಮುಂದೆಯೂ ಹಾದುಹೋಯಿತು. ನಜಮುನ್ನೀಸಾ ಸೆರಗನ್ನು ಮುಖಕ್ಕೆ ಹಿಡಿದಳು. ಶಬ್ರೀನಳಿಗೆ ಇನ್ನೂ ಕೇಳಬೇಕಾದ ಮಾತು ಉಳಿದಿತ್ತು.

"ಅವರನ್ನ ಕಾಯ್ದ್ರೋ... ನನ್ನೋ?"

"ಸುಳ್ಳ ಹೇಳೂದಿಲ್ಲ. ಮೊದಲ ಶರೀಫನ್ನ. ಅಂವ ನಿಂತಾಗ ಹಿಂದ ಯಾರೂ ಇದ್ದಿಲ್ಲ ಅನ್ನೂದು ನನಗ ಮಲಗಾಕ ಬಿಡತಿದ್ದಿಲ್ಲ." ಇಜಾಜ ಮೊದಲ ಸಲ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. "ಆದ್ರ ಆ ಆಟದಾಗ ಶರೀಫ ಒಂದ ದಿನಾನೂ ಕೆಂಪ ದೀಪಕ್ಕ ನಿಂತಾಂವ ಅಲ್ಲ. ಯಾರೂ ನಿಂದರೂದಿಲ್ಲ. ಅಷ್ಟ ದೊಡ್ಡ ಊರಾಗ ನೀವೊಬ್ಬರ ನಿಂದರತಿದ್ರಿ. ಡ್ಯೂಟಿ ಮುಗದಕೂಡಲೆ ಆ ಸಿಗ್ನಲ್ ನೆನಪಾಗಾಕ ಹತ್ತಿತು. ಆವಾಗ ತಿಳೀತು, ನಾ ಕಾಯಾಕತ್ತಿದ್ದು ನಿಮ್ಮನ್ನ."

ಶಬ್ರೀನಳ ಕಣ್ಣುಗಳು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ.

"ಹಂಗಾದ್ರ ಇನ್ನ ಮ್ಯಾಲ ಭಾಭಿ ಅನಬ್ಯಾಡ್ರಿ," ಎಂದಳು.

ನಜಮುನ್ನೀಸಾ ಸೆರಗಿನ ಹಿಂದಿನಿಂದಲೇ ಮಾತಾಡಿದಳು. "ಇಬ್ಬರೂ ಕೂಡಿ ನನ್ನ ಇಲ್ಲೇ ಬಿಟ್ಟ ಹೋಗ್ತೀರೇನ?"

"ನೀವಿಲ್ಲದ ಮನಿ ನನಗ್ಯಾಕ್ರಿ ಅಮ್ಮೀ?" ಎಂದ ಇಜಾಜ. ಖಾಲಾ ಎಂದು ಬಂದವನ ಬಾಯಲ್ಲಿ ಅಮ್ಮಿ ತಾನಾಗಿ ಬಂದಿತ್ತು.

ನಿಕಾಹ್ ಸದ್ದುಗದ್ದಲವಿಲ್ಲದೆ ಆಯಿತು. ಮರುದಿನ ಮೂವರೂ ವರ್ಸೋವಾ ದಂಡೆಗೆ ಹೊರಟರು. ಹೊರಡುವ ಮುಂಚೆ ನಜಮುನ್ನೀಸಾ ಟಿವಿ ಹಚ್ಚಿಸಿದಳು. ಚೌಕಳಿ ಅಂಗಿಯ ಮಗ ಅತ್ತಿತ್ತ ನೋಡುತ್ತ ನಿಂತಿದ್ದ.

"ಅವನ್ನ ಎಲ್ಲೆರೆ ಕುಂಡ್ರಸ ಬೇಟಿ. ಭಾಳ ತಿರಗ್ಯಾನ."

ಶಬ್ರೀನ ಬಿಳಿ ಕಾರು ತೆಗೆದಳು. ಸಿಗ್ನಲ್ಲುಗಳಲ್ಲಿ ನಿಂತು ನಿಂತು ದಂಡೆಗೆ ಬಂದಳು. ನೀರಿಗೆ ಮುಖ ಮಾಡಿದ ಒಂದು ಬೆಂಚಿನ ಮೇಲೆ ಶರೀಫನನ್ನು ಕೂರಿಸಿದಳು. ಅವನು ಕಾಲು ಚಾಚಿ ಆರಾಮಾಗಿ ಕುಳಿತ. ನಜಮುನ್ನೀಸಾ ಪರದೆಯ ಮೇಲೆ, ಮಗನ ತಲೆ ಇದ್ದ ಕಡೆ, ಒಮ್ಮೆ ಕೈಯಾಡಿಸಿದಳು. ಆಮೇಲೆ ಅವಳೇ ಬಟನ್ ಒತ್ತಿ ಆರಿಸಿದಳು.

ನಿಜವಾದ ಸಮುದ್ರ ಟಿವಿಯದಕ್ಕಿಂತ ಕೊಳಕಾಗಿತ್ತು, ಸದ್ದು ಜಾಸ್ತಿ ಇತ್ತು, ಮೀನಿನ ವಾಸನೆ ಹೊಡೆಯುತ್ತಿತ್ತು. ಶಬ್ರೀನಳಿಗೆ ಅಷ್ಟು ಗಾಳಿಯನ್ನು ಒಮ್ಮೆಗೇ ಕುಡಿಯಲಾಗಲಿಲ್ಲ. ಉಸುಕಿನಲ್ಲಿ ಕಾಲು ಎಳೆಯಲಾರೆ ಎಂದು ನಜಮುನ್ನೀಸಾ ಕಟ್ಟೆಯ ಮೇಲೆಯೇ ಕುಳಿತಳು.

ಸ್ವಲ್ಪ ದೂರ ನಡೆದು ಶಬ್ರೀನ ತಿರುಗಿದಳು. ಇಜಾಜ ಒಂದು ಗಾಡಿಯಷ್ಟು ಅಂತರ ಬಿಟ್ಟು ಬರುತ್ತಿದ್ದ. ಅವಳನ್ನು ನೋಡುತ್ತಿರಲಿಲ್ಲ, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಅವಳು ನಿಂತಳು. ಅವನೂ ನಿಂತ.

"ಏನ್ರೀ," ಎಂದಳು. ಈ ಮಾತಿನಿಂದ ಅವಳು ಅಲ್ಲಿಯವರೆಗೆ ಕರೆದದ್ದು ಒಬ್ಬನನ್ನೇ.

ಇಜಾಜನಿಗೆ ಅದು ಗೊತ್ತಿತ್ತು. ಶರೀಫನ ಜೊತೆ ಆಡುವಾಗ ಎಷ್ಟೋ ಸಲ ಅದು ಅವನ ಕಿವಿಗೆ ಬಿದ್ದಿತ್ತು.

"ಹಿಂದ ಬ್ಯಾಡ. ಬಾಜೂಕ ಬರ್ರಿ."

ಇಜಾಜ ಎರಡೂ ಕಣ್ಣು ಒಮ್ಮೆ ಮುಚ್ಚಿ ತೆರೆದ, ಮತ್ತೊಮ್ಮೆ ಮುಚ್ಚಿ ತೆರೆದ. ಆಮೇಲೆ ಬಂದು ಅವಳ ಪಕ್ಕದಲ್ಲಿ ನಿಂತ.