ಹಲಸಿನ ಮರಕ್ಕೆ ಕಟ್ಟಿದ ಕರಿದಾರ

"ಆ ಮರದ ಹಣ್ಣು ಮುಟ್ಬೇಡಿ ಅಳಿಯಂದ್ರೆ. ಸೋಮವಾರ ದಾರ ಬಿಚ್ತಾರೆ, ಎರಡು ದಿನ ತಡ್ಕಳಿ" ಅಂದಳು ಅತ್ತೆ ಬೆಟ್ಟಮ್ಮ.

ರವಿಚಂದ್ರ ನಕ್ಕ. ಅವನ ಕಸುಬೇ ಮಾತು. ಮೈಸೂರಿನ ಛತ್ರಗಳಲ್ಲಿ ಆರತಕ್ಷತೆಗೆ ಮೈಕು ಹಿಡಿದು, ಗಂಡು ಹೆಣ್ಣಿನ ಹೆಸರು ಕೂಗಿ, ನಗದವರನ್ನೂ ನಗಿಸಿ ಬರುವವನು. ಹೆಂಡತಿ ಮಾನಸ, ಆರು ವರ್ಷದ ಮಗಳು ಶಿವಾನಿಯನ್ನು ಕರೆದುಕೊಂಡು ರಾಮಕೃಷ್ಣನಗರದಿಂದ ಅತ್ತೆ ಮಾವನ ತೋಟಕ್ಕೆ ಬೇಸಿಗೆ ರಜೆಗೆ ಬಂದಿದ್ದ. ಬಂದ ಗಳಿಗೆಯಿಂದ ಅವನಿಗೆ ಎಲ್ಲವೂ ಹೀನವೇ. ನೀರು ಸಪ್ಪೆ, ಮಂಚ ಗಟ್ಟಿ, ಕೊಟ್ಟಿಗೆ ನಾತ.

ಬಾವಿ ಪಕ್ಕದ ಹಲಸಿನ ಮರಕ್ಕೆ ಏಳು ಗಂಟಿನ ಕರಿದಾರ ಸುತ್ತಿತ್ತು. ಮರ ಮಿಡಿ ಬಿಟ್ಟಾಗ ಮಾವ ಮಹದೇವು ಉಪವಾಸವಿದ್ದು, ಯಾರೊಂದಿಗೂ ಮಾತಾಡದೆ ಹಾಕಿದ ಬಾಯಿಕಟ್ಟು. ಕದ್ದು ತಿಂದವರ ಬಾಯಿ ಕಟ್ಟಲಿ ಅಂತ. ಅವರಪ್ಪನ ಕಾಲದಿಂದ ಹಾಗೇ ನಡೆದುಬಂದಿದೆ. ಕಟ್ಟಿದವರೇ ದಾರ ಬಿಚ್ಚಿ, ಮೊದಲ ತೊಳೆ ಮರದ ಬುಡಕ್ಕಿಟ್ಟ ಮೇಲೆಯೇ ಮನೆಯವರು ತಿನ್ನಬೇಕು.

"ಒಂದು ಕ್ಯಾಮೆರಾ ಹಾಕಿಸಿದ್ರೆ ಸಾಕಿತ್ತು. ದಾರಕ್ಕೆ ಮಂಗ ಹೆದರುತ್ತಾ ಅತ್ತೆ?"

"ಹೆದರ್ತವೆ ಕಣಪ್ಪಾ. ಅವಕ್ಕೆ ಬುದ್ಧಿ ಐತೆ."

ಮಾನಸ ಮುಸಿಮುಸಿ ನಕ್ಕಳು. ಆ ನಗು ಅವನಿಗೆ ಚುಚ್ಚಿತು.

ಮಧ್ಯಾಹ್ನ ಮಹದೇವು ತೋಟದ ಆ ತುದಿಗೆ ನೀರು ಕಟ್ಟಲು ಹೋದ. ಹೆಂಗಸರು ಒಲೆ ಮುಂದಿದ್ದರು. ರವಿಚಂದ್ರ ಮಚ್ಚು ತಗೊಂಡು ಹೋಗಿ ಹಣ್ಣು ಕೆಡವಿದ. ಪಂಪ್‌ಸೆಟ್ಟಿನ ಕೋಣೆ ತಂಪಾಗಿದೆ ಅಂತ ಮಗಳನ್ನು ಅಲ್ಲಿ ಕೂರಿಸಿದ. ಕಿಟಕಿಯಿಲ್ಲದ ಕೋಣೆ. ಒಳಗೆ ಗ್ರೀಸಿನ ವಾಸನೆ, ಪಾಚಿಯ ವಾಸನೆ, ಬಗೆದಿಟ್ಟ ಹಣ್ಣಿನ ತಲೆ ತಿರುಗಿಸುವ ಘಮ. ಮೋಟಾರು ಗುಂಯ್‌ಗುಡುತ್ತಿತ್ತು. ಫೋನು ಗೋಡೆಗೊರಗಿಸಿ ವಿಡಿಯೋ ಹಚ್ಚಿದ.

"ನೋಡಿ, ಶಾಪ ತಿಂತಿದೀವಿ. ಹೇಗಿದೆ ಪುಟ್ಟಿ, ಸಿಹಿಯಾ?"

"ತುಂಬಾ ಸಿಹಿ ಪಪ್ಪ. ನೀನೂ ತಿನ್ನು."

"ಬೇಡಮ್ಮ, ಕೈಯೆಲ್ಲ ಅಂಟಾಗುತ್ತೆ."

ತಾನು ಒಂದು ತೊಳೆಯನ್ನೂ ಮುಟ್ಟಲಿಲ್ಲ. ಅಷ್ಟು ಶೂರ.

ನಾಲ್ಕನೇ ತೊಳೆಗೆ ಮೋಟಾರು ನಿಂತಿತು. ಕರೆಂಟು ಹೋಯ್ತು ಅಂದುಕೊಂಡ. ಮೋಟಾರು ನಿಂತರೆ ಹಕ್ಕಿ ಸದ್ದು ಕೇಳಬೇಕಿತ್ತು, ಎಲೆ ಸದ್ದು ಕೇಳಬೇಕಿತ್ತು. ಏನೂ ಇಲ್ಲ. ಬಾಗಿಲಲ್ಲಿ ಬಿಸಿಲು ಹಾಗೇ ಇತ್ತು, ಒಳಗಿನ ಕತ್ತಲೆ ಮಾತ್ರ ದಪ್ಪವಾಯಿತು.

"ಪುಟ್ಟಿ?"

ಫೋನಿನ ಬೆಳಕು ಹಿಡಿದ. ಮಗು ಬಾಯಿ ತೆರೆದೇ ಇತ್ತು. ನಾಲಿಗೆ ಮಡಚಿ ಅಂಗುಳಕ್ಕೆ ಹತ್ತಿಕೊಂಡಿತ್ತು. ಗಂಟಲಲ್ಲಿ ಗೊರಗೊರ. ಬೆರಳು ಹಾಕಿ ಎಳೆದ. ಕದಲಲಿಲ್ಲ. ಎತ್ತಿಕೊಂಡು ಓಡಿದ. ಬೆಟ್ಟಮ್ಮ ಹಲಸಿನ ಅಂಟು ಬಿಡಿಸುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಬಿಡಲಿಲ್ಲ. ಕಾರಿನ ಬೀಗದ ಕೈ ಅಂದ, ಆಸ್ಪತ್ರೆ ಅಂದ. ಮಗುವಿನ ಉಗುರು ನೀಲಿಗಟ್ಟಿತು. ಆಸ್ಪತ್ರೆಯಿರುವ ಊರು ಮುಕ್ಕಾಲು ಗಂಟೆ ದಾರಿ.

ಕೂಗು ಕೇಳಿ ಮಹದೇವು ಬಂದ. ಒಂದು ಮಾತೂ ಬೈಯಲಿಲ್ಲ. ಮರದಿಂದ ದಾರ ಬಿಡಿಸಿ ತಂದು ಆರು ಗಂಟು ಬಿಚ್ಚಿದ. ಏಳನೆಯದನ್ನು ಮುಂದಕ್ಕೆ ಚಾಚಿದ.

"ಬಾಯಿಗೆ ಬಿದ್ದ ಕಟ್ಟು ಇನ್ನೊಂದು ಬಾಯಿಗೇ ಹೋಗಬೇಕು. ಇದನ್ನ ಹಲ್ಲಲ್ಲಿ ಬಿಚ್ಚಬೇಕು. ದೊಡ್ಡೋರಿಗಾದ್ರೆ ಮಾತು ಹೋಯ್ತದೆ. ಕೂಸಿಗಾದ್ರೆ ಉಸಿರು."

ಎಲ್ಲರೂ ರವಿಚಂದ್ರನನ್ನು ನೋಡಿದರು.

ದಾರ ನೋಡಿದ. ಮಗಳನ್ನು ನೋಡಿದ. ಮತ್ತೆ ದಾರ ನೋಡಿದ.

"ಅಲ್ಲ ಮಾವ... ನನ್ನ ಕಸುಬೇ ಮಾತು ಅಲ್ವಾ..."

ಮಾನಸ ಕೈ ಚಾಚಿದಳು. ಬೆಟ್ಟಮ್ಮ ಆ ಕೈ ಸರಿಸಿದಳು. ದಾರ ಕಿತ್ತುಕೊಂಡಳು.

"ನಾನು ಆಡೋದೆಲ್ಲ ಆಡಿ ಮುಗಿಸಿವ್ನಿ. ನಿನ್ನ ಮಾತ ನೀನೇ ಮಡೀಕಳಪ್ಪ."

ಅದೇ ಅವಳ ಕೊನೆಯ ಮಾತು. ಹಲ್ಲಲ್ಲಿ ಕಚ್ಚಿ ಎಳೆದಳು, ಗಂಟು ಬಿಚ್ಚಿತು. ಮಗು ಉಸಿರೆಳೆದು ಅತ್ತಿತು. ದೂರದಲ್ಲಿ ಮೋಟಾರು ಮತ್ತೆ ಗುಂಯ್‌ಗುಟ್ಟಿತು.

ಈ ಬೇಸಿಗೆಗೂ ಅವರು ಬಂದಿದ್ದಾರೆ. ಛತ್ರಗಳಲ್ಲಿ ರವಿಚಂದ್ರನಿಗೆ ಈಗಲೂ ಒಳ್ಳೆಯ ಹೆಸರು. ಇಲ್ಲಿ ಮಾತ್ರ ಮಗಳು ಅವನು ಕರೆದರೆ ತಿರುಗಿ ನೋಡುವುದಿಲ್ಲ, ಅಜ್ಜಿಯ ಸೆರಗು ಹಿಡಿದು ಅಜ್ಜಿಗೆ ಬೇಕಾದ್ದನ್ನೆಲ್ಲ ತಾನೇ ಹೇಳುತ್ತಾಳೆ. ಮರದಲ್ಲಿ ಹಲಸು ತುಂಬಿದೆ. ದಾರ ಇದೆಯೋ ಬಿಚ್ಚಿದ್ದಾರೋ, ಎಲೆಗಳ ನೆರಳಲ್ಲಿ ಕಾಣಿಸುತ್ತಿಲ್ಲ.

ಮಹದೇವು ತಟ್ಟೆಯಲ್ಲಿ ನಾಲ್ಕು ತೊಳೆ ತಂದು ಅಳಿಯನ ಮುಂದಿಟ್ಟ.

"ಮಾವ, ಇದು ತಿನ್ನಬಹುದಾ?"

ಮಹದೇವು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಮಾನಸ ನೆಲ ಗುಡಿಸುತ್ತಲೇ ಇದ್ದಳು. ಬೆಟ್ಟಮ್ಮ ಮೊಮ್ಮಗಳ ಜಡೆ ಹೆಣೆಯುತ್ತ ಅವನನ್ನೇ ನೋಡುತ್ತಿದ್ದಳು.

"ಯಾರಾದ್ರೂ ಹೇಳ್ರೀ" ಅಂದ.

ಈ ಸಲ ಯಾರೂ ಹೇಳಲಿಲ್ಲ.