ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಚಪ್ಪಲಿ

"ಮುಂದಕ್ ಹೋಗೇ ಹೇಮಶ್ರೀ, ಯಾಕ್ ನಿಂತ್ಕಂಡೆ?" ಎಂದು ಹಿಂದಿನಿಂದ ಯಾರೋ ತಳ್ಳಿದರು.

ಹೇಮಶ್ರೀ ಕಂಪ್ಯೂಟರ್ ರೂಮಿನ ಬಾಗಿಲಲ್ಲೇ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು. ಒಂದು ಸಿಕ್ಕಿತ್ತು, ಇನ್ನೊಂದು ಸಿಕ್ಕಿರಲಿಲ್ಲ. ಮಹೇಶ್ ಮಾವ ನಿನ್ನೆ ತಾನೇ ಆಲೂರಿನಿಂದ ತಂದುಕೊಟ್ಟ ಹೊಸ ಚಪ್ಪಲಿ. ಬಿಟ್ಟು ಹೋಗುವುದುಂಟೇ?

ಗಂಟೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಹೋದ ವಾರ ಅದೇ ಕಾಂಪೌಂಡಿನ ಕಾಲೇಜಿನಲ್ಲಿ ವೈರ್ ಸುಟ್ಟು ಹೊಗೆ ತುಂಬಿಕೊಂಡಿತ್ತು. ಅದಕ್ಕೇ ಇವತ್ತು ಕಾಲೇಜಿಗೂ ಶಾಲೆಗೂ ಸೇರಿಸಿ ಡ್ರಿಲ್. ಗಂಟೆ ಹೊಡೆದ ಕೂಡಲೇ, ಬೆಂಕಿ ಬಿದ್ದಿದೆ ಅಂದುಕೊಂಡು ಮೈದಾನಕ್ಕೆ ಬರಬೇಕು ಎಂದು ನಾಗರತ್ನಮ್ಮ ಮಿಸ್ ಬೆಳಿಗ್ಗೆಯೇ ಹೇಳಿದ್ದರು. ಆದರೆ ಹೊಸ ಕಂಪ್ಯೂಟರಿಗೆ ಧೂಳು ಆಗದೆಂದು ಎಲ್ಲರ ಚಪ್ಪಲಿಯೂ ಬಾಗಿಲಲ್ಲೇ ರಾಶಿ ಬಿದ್ದಿರುತ್ತದಲ್ಲ, ಅದು ಯಾರಿಗೂ ಹೊಳೆದಿರಲಿಲ್ಲ. ಮಿಸ್‌ಗೂ ಹೊಳೆದಿರಲಿಲ್ಲ ಬಿಡಿ.

ಹೇಮಶ್ರೀ ಬಗ್ಗಿದ್ದನ್ನು ನೋಡಿ ಉಳಿದವರೂ ಬಗ್ಗಿದರು. ಬಾಗಿಲು ಕಟ್ಟಿಕೊಂಡಿತು. ಚಪ್ಪಲಿ ಬಿಟ್ಟು ಹೋಗಿ ಎಂದು ಮಿಸ್ ಒಳಗಿನಿಂದ ಕೂಗುತ್ತಿದ್ದರು. ಗಲಾಟೆಯಲ್ಲಿ ಯಾರು ಕೇಳಬೇಕು?

ಆಗ ಒಳಗೆ ಒಂದು ಅಳು ಎದ್ದಿತು. ಹೇಮಶ್ರೀಗೆ ಗೊತ್ತಿದ್ದ ಅಳು. ನಾಲ್ಕು, ಐದನೇ ಕ್ಲಾಸಿಗೆ ಒಟ್ಟಿಗೇ ಕಂಪ್ಯೂಟರ್ ಪೀರಿಯಡ್. ತಂಗಿ ಆಶಾ ದೊಡ್ಡ ಹುಡುಗರ ನಡುವೆ ಸಿಕ್ಕಿಕೊಂಡಿದ್ದಳು.

"ಅಕ್ಕಾ, ಉಸ್ರು ಕಟ್ತೈತೆ."

ಹೇಮಶ್ರೀ ಆಗಷ್ಟೇ ಸಿಕ್ಕ ಇನ್ನೊಂದು ಚಪ್ಪಲಿಯನ್ನು ಮೆಟ್ಟಿಕೊಂಡು, ಒಳಗೆ ನುಗ್ಗಿ ತಂಗಿಯನ್ನು ಹೊರಗೆ ಎಳೆದುಕೊಂಡಳು.

ಇವರೆಲ್ಲ ಮೈದಾನ ಸೇರುವಷ್ಟರಲ್ಲಿ ಕಾಲೇಜಿನವರು ಬಂದು ನಿಂತು ಆಕಳಿಸುತ್ತಿದ್ದರು. ಮಿಸ್ ಬೈಯಲಿಲ್ಲ. ನಿಜವಾದ ಬೆಂಕಿ ಆಗಿದ್ದರೆ ಏನಾಗುತ್ತಿತ್ತು ಎಂದಷ್ಟೇ ಕೇಳಿದರು. ಹೇಮಶ್ರೀಯ ಎರಡೂ ಕಾಲಲ್ಲಿ ಚಪ್ಪಲಿ ಇತ್ತು. ಪಕ್ಕದಲ್ಲಿ ಆಶಾ ಇನ್ನೂ ಬಿಕ್ಕುತ್ತಿದ್ದಳು. ಹೇಮಶ್ರೀಗೆ ತುಂಬ ನಾಚಿಕೆಯಾಯಿತು.

ಮಾರನೆಯ ದಿನ ಅವಳೇ ಮೊದಲು ತನ್ನ ಚಪ್ಪಲಿಯನ್ನು ವರಾಂಡದ ಆ ತುದಿಯಲ್ಲಿ ಬಿಟ್ಟಳು. ಉಳಿದವರೂ ಅಲ್ಲೇ ಬಿಟ್ಟರು. ಬಾಗಿಲು ಖಾಲಿಯಾಯಿತು.

ಶನಿವಾರ ಮತ್ತೆ ಗಂಟೆ ಹೊಡೆಯಿತು. ಈ ಸಲ ಮಿಸ್ ಮೊದಲೇ ಹೇಳಿರಲಿಲ್ಲ. ಹೇಮಶ್ರೀ ಆಶಾಳ ಕೈ ಹಿಡಿದು ಹೊರಗೆ ಬಂದಳು. ಕಾಲು ತಾನಾಗಿಯೇ ವರಾಂಡದ ತುದಿಯ ಕಡೆ ತಿರುಗಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಬರಿಗಾಲಲ್ಲೇ ಮೈದಾನಕ್ಕೆ ನಡೆದಳು. ಜಲ್ಲಿಕಲ್ಲು ಚುಚ್ಚಿತು. ಚುಚ್ಚಲಿ.

ಆಶಾ ಹಿಂದೆ ತಿರುಗಿ ನೋಡಿದಳು. "ಅಕ್ಕ, ನಿನ್ ಹೊಸ ಚಪ್ಲಿ ಯಾರಾದ್ರೂ ಎತ್ಕಂಡ್ ಹೋಗ್ಬುಟ್ರೆ?"

"ಹೋದ್ರೆ ಹೋಗ್ಲಿ ಬುಡೇ. ಮಿಸ್ ಹಾಜರಿ ಕೂಗ್ತಾವ್ರೆ. ನಿನ್ ಹೆಸ್ರು ಬಂದಾಗ ಜೋರಾಗಿ ಎಸ್ ಮಿಸ್ ಅನ್ನು."

ಆಶಾ ಕೂಗಿದ್ದು ಕಾಲೇಜಿನವರಿಗೂ ಕೇಳಿಸಿತು. ಎಲ್ಲರೂ ನಕ್ಕರು. ಹೇಮಶ್ರೀ ಮಾತ್ರ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.